ದಿನಾ ಓಡಿಸೋಕೆ ಇ55, ಆದ್ರೆ ತುಕ್ಕು ನೋಡಿ

ದಿನಾ ಜರ್ಮನಿಯ ಹೆದ್ದಾರಿ ಆಟೋಬಾನ್‌ನಲ್ಲಿ ಓಡಾಡೋಕೆ ಹಳೇ ಬಿಎಂಡಬ್ಲ್ಯೂ ಇ39 ಎಂ5 ಕಾರು ಒಳ್ಳೇದಾ, ಮರ್ಸಿಡಿಸ್ ಡಬ್ಲ್ಯೂ210 ಇ55 ಎಎಂಜಿ ಒಳ್ಳೇದಾ ಅಂತ ಕೇಳಿದ್ದೀರಿ (ಇ39, ಡಬ್ಲ್ಯೂ210 ಅನ್ನೋದು ಆ ಕಾರುಗಳ ಪೀಳಿಗೆಯ ಸಂಕೇತ). ಇ55 ತಗೊಳ್ಳಿ. 5.4 ಲೀಟರ್ ವಿ8, 354 ಪಿಎಸ್ (ಅಶ್ವಶಕ್ತಿ). ಎಂಜಿನ್ ಬಲು ಗಟ್ಟಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸೋದೇ ಬೇಡ ಅನ್ನೋ ಮಾತು ನಂಬಬೇಡಿ, 60,000 ಕಿ.ಮೀ.ಗೊಮ್ಮೆ ಬದಲಿಸಿ. ಸ್ಪಾರ್ಕ್ ಪ್ಲಗ್ ಸಿಲಿಂಡರಿಗೆ ಎರಡರಂತೆ 16 ಇವೆ, ಆ ಖರ್ಚೂ ಲೆಕ್ಕದಲ್ಲಿರಲಿ.

ಭಯ ಇರೋದು ತುಕ್ಕಿನದು. ಮುಂದಿನ ಚಕ್ರ ಬಿಚ್ಚಿಸಿ, ಸ್ಪ್ರಿಂಗ್‌ನ ಮೇಲ್ತುದಿ ಕೂರುವ ಬಟ್ಟಲನ್ನು ಟಾರ್ಚ್ ಹಾಕಿ ನೋಡಿ. ಗಾಡಿಯ ಬಾಡಿ ಜೊತೆ ಅದು ವೆಲ್ಡ್ ಆಗಿರೋ ಅಂಚಲ್ಲಿ ಸೀಲರ್ (ಸಂದು ಮುಚ್ಚೋ ಲೇಪ) ಉಬ್ಬಿದ್ರೆ ಒಳಗೆ ತುಕ್ಕು ತಿಂದಿರುತ್ತೆ. ಬಟ್ಟಲು ಕಿತ್ತು ಬಂದರೆ ಸ್ಪ್ರಿಂಗ್ ಮೇಲಕ್ಕೆ ನುಗ್ಗಿ ಗಾಡಿಯ ಆ ಮೂಲೆಯೇ ಕುಸಿಯುತ್ತೆ. ಅಲ್ಲಿ ಮಾತ್ರ ಹೊಸ ಬಣ್ಣ ಕಂಡ್ರೆ ಇನ್ನೂ ಹುಷಾರು.

ಓಡಿಸೋ ಖುಷಿಗೆ ಎಂ5 ಮೇಲು, ಎರಡು ಮಾತಿಲ್ಲ: 400 ಪಿಎಸ್, ಬರೀ 6 ಗೇರಿನ ಮ್ಯಾನ್ಯುಯಲ್. ಮನಸ್ಸು ಅದಕ್ಕೇ ಎಳೆದರೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲ ಕೆಲ ಸೆಕೆಂಡ್ ಕಟಕಟ ಅನ್ನೋದು ಅದಕ್ಕೆ ಮಾಮೂಲು. ಬಿಸಿಯಾದ ಮೇಲೂ ನಿಲ್ಲದಿದ್ರೆ ವ್ಯಾನೋಸ್ (ವಾಲ್ವ್ ತೆರೆಯೋ ಸಮಯ ಬದಲಿಸೋ ವ್ಯವಸ್ಥೆ) ಇಲ್ಲವೇ ಟೈಮಿಂಗ್ ಚೈನ್ ಗೈಡ್ (ಎಂಜಿನ್ ಒಳಗಿನ ಚೈನ್ ದಾರಿ ತಪ್ಪದಂತೆ ಹಿಡಿಯೋ ಪಟ್ಟಿ) ಸವೆದಿರಬಹುದು. ಆ ಗಾಡಿ ಬಿಟ್ಟು ಬೇರೆ ಹುಡುಕಿ.