ಗೇರ್ ಇಳಿಸಿದಾಗ ಹಿಂಭಾಗ ಜಾರುವುದು

ಪ್ಯಾಡಲ್ ಶಿಫ್ಟ್ (ಸ್ಟೀರಿಂಗ್ ಹಿಂದಿನ ಪಟ್ಟಿ ಎಳೆದು ಗೇರ್ ಬದಲಿಸುವ) ಕಾರು ಬಿಟ್ಟು ಹಳೆಯ ಫಾರ್ಮುಲಾ ಫೋರ್ಡ್ ರೇಸ್ ಕಾರು ಓಡಿಸಿದರೆ, ತಿರುವಿನ ಮುಂಚೆ ಗೇರ್ ಇಳಿಸಿದಾಗ ಹಿಂಭಾಗ ಜಾರುತ್ತದೆ ಅಂದಿರಲ್ಲ, ಬಹುಶಃ ನೀವು ಆಕ್ಸಿಲರೇಟರ್ ತಟ್ಟದೆ ಕ್ಲಚ್ ಬಿಡುತ್ತಿದ್ದೀರಿ. ಆಗ ಇಂಜಿನ್ ವೇಗ ಸಾಲದೆ ಹಿಂದಿನ ಚಕ್ರಗಳನ್ನು ಹಿಡಿದೆಳೆಯುತ್ತದೆ. ಹೊಸ ಕಾರಿನಲ್ಲಿ ಇಂಜಿನ್ ವೇಗವನ್ನು ಕಂಪ್ಯೂಟರೇ ಏರಿಸುತ್ತಿತ್ತು. ಇಲ್ಲಿ ಅದು ನಿಮ್ಮ ಬಲಗಾಲಿನ ಕೆಲಸ.

ಮೊದಲು ನಿಂತ ಕಾರಿನಲ್ಲಿ ಅಭ್ಯಾಸ ಮಾಡಿ. ಪಾದದ ಮುಂಭಾಗ ಬ್ರೇಕ್ ಮೇಲೆ ಗಟ್ಟಿಯಾಗಿರಲಿ, ಬಲ ಅಂಚನ್ನು ಹೊರಳಿಸಿ ಆಕ್ಸಿಲರೇಟರ್ ಚುರುಕಾಗಿ ತಟ್ಟಿ. ಆಗ ಬ್ರೇಕ್ ಒತ್ತಡ ಒಂದಿಷ್ಟೂ ಬದಲಾಗಬಾರದು, ಜಾಸ್ತಿ ಕಷ್ಟ ಇದೇ. ಕಾಲು ಎಟುಕದಿದ್ದರೆ ಎರಡೂ ಪೆಡಲ್‌ಗಳನ್ನು ಒಂದಕ್ಕೊಂದು ಹತ್ತಿರ ತರಿಸಿ.

ಆಮೇಲೆ ಟ್ರ್ಯಾಕ್‌ನಲ್ಲಿ ನಿಧಾನವಾಗಿ, ನಾಲ್ಕರಿಂದ ಮೂರಕ್ಕೆ ಮಾತ್ರ. ಬ್ರೇಕ್‌ನಿಂದ ವೇಗ ಇಳಿದ ಮೇಲೇ ಗೇರ್ ಮುಟ್ಟಿ.

ಗೇರ್ ಮುಟ್ಟದೆ ಬ್ರೇಕ್ ಒತ್ತಿದರೂ ಹಿಂದಿನ ಚಕ್ರ ಲಾಕ್ ಆದರೆ, ತಪ್ಪು ನಿಮ್ಮ ಕಾಲಿನದಲ್ಲ. ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಬಲದ ಹಂಚಿಕೆ) ಸ್ವಲ್ಪ ಮುಂದಕ್ಕೆ ಹೊಂದಿಸಿ.