ಮೂರೆಕರೇಲಿ ಮಾವು ಹಾಕಿದ್ರೆ ಸಣ್ಣ ರೈತನಿಗೆ ಗಿಟ್ಟುತ್ತಾ?

ಮೂರೆಕರೆ ಇದೆ, ರಾಗಿ ಬಿಟ್ಟು ಮಾವು ಹಾಕ್ಲಾ, ದುಡ್ಡು ಉಳಿಯುತ್ತಾ ಅಂತ ಕೇಳಿದೀರ. ನಮ್ದು ಶ್ರೀನಿವಾಸಪುರ ಕಡೆ, ಎರಡೂವರೆ ಎಕರೆ ತೋಟ, ಅಪ್ಪ ಇಟ್ಟಿದ್ದು, ಹೆಚ್ಚೂಕಮ್ಮಿ ಎಲ್ಲಾ ತೋತಾಪುರಿ. ಮರ ಎಷ್ಟು ಕಾಯಿ ಬಿಡುತ್ತೆ ಅನ್ನೋದಕ್ಕಿಂತ ಜನವರೀಲಿ ನಿಮ್ಮ ಕೈಯಲ್ಲಿ ಎಷ್ಟು ಕಾಸಿರುತ್ತೆ ಅನ್ನೋದೇ ದೊಡ್ಡದು ನೋಡಿ.

ಹೂವು ಬರೋದು ಆಗ, ಜಿಗಿಹುಳಕ್ಕೆ ಬೂದಿರೋಗಕ್ಕೆ ಔಷಧಿ ಹೊಡೀಬೇಕು, ಒಂದ್ಸಲಕ್ಕೆ ಮುಗಿಯಲ್ಲ, ಕಾಯಿ ಗೋಲಿ ಗಾತ್ರ ಆಗೋಷ್ಟ್ರಲ್ಲಿ ಮೂರ್ನಾಲ್ಕು ಸಲ, ಔಷಧಿ ಟ್ರ್ಯಾಕ್ಟರ್ ಬಾಡಿಗೆ ಕೂಲಿ ಎಲ್ಲಾ ಕೈಯಿಂದ್ಲೇ, ಕಾಯಿ ದುಡ್ಡು ಕಾಣೋದು ಜೂನ್‌ಗೆ. ಅಲ್ಲೀವರೆಗೂ ತಡೆಯೋಕಾಗ್ದೆ ಎಷ್ಟೋ ಜನ ಹೂವಲ್ಲೇ ಇಡೀ ತೋಟದ ಫಸಲನ್ನ ವ್ಯಾಪಾರಸ್ಥನಿಗೆ ಮಾತಾಡಿ ಕೊಟ್ಬಿಡ್ತಾರೆ, ಅವನು ಒಂದು ಸುತ್ತು ಹಾಕಿ ಅಡ್ವಾನ್ಸ್ ಕೊಟ್ಟು ಹೋಗ್ತಾನೆ, ಆಲಿಕಲ್ಲು ಬಿದ್ರೆ ಬಾಕಿ ದುಡ್ಡು ಕೊಡೋಕೆ ಈ ಕಡೆ ತಲೆ ಹಾಕಲ್ಲ. ಇಲ್ಲಾಂದ್ರೆ ಮಂಡೀಲಿ ಸಾಲ. ಸಾಲ ತಗೊಂಡ್ರೆ ಬೇರೆ ಕಡೆ ಎರಡು ರೂಪಾಯಿ ಜಾಸ್ತಿ ಇದ್ರೂ ಕಾಯಿ ಅಲ್ಲೇ ಹಾಕ್ಬೇಕು. ನಾವು ಏಳು ವರ್ಷ ಒಂದೇ ಮಂಡಿಗೆ ಹಾಕಿದ್ವಿ, ನೂರಕ್ಕೆ ಹತ್ತು ಕಮಿಷನ್ ಹಿಡಿದು ಬಿಲ್ ಬದ್ಲು ಬರೀ ಬಿಳಿ ಚೀಟಿ ಕೊಡೋರು.

ಇನ್ನೊಂದು, ತೋತಾಪುರಿ ಮುಖ್ಯವಾಗಿ ಪಲ್ಪ್ ಫ್ಯಾಕ್ಟರಿ ಕಾಯಿ, ನಮ್ಮ ಕಾಯಿ ಹೋಗೋದು ಗಡಿ ಆಚೆ ಚಿತ್ತೂರು ಕಡೆಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರಗಡೆ ತೋತಾಪುರಿ ಒಳಗೆ ಬಿಡಲ್ಲ ಅಂದ್ಬಿಡ್ತು. ನಮ್ಮ ಟ್ರ್ಯಾಕ್ಟರ್ ಮಂಡಿ ಮುಂದೆ ರಾತ್ರಿಯೆಲ್ಲಾ ನಿಂತು ಬೆಳಗ್ಗೆ ನೋಡಿದ್ರೆ ಅಡಿ ಕಾಯಿ ಬಿರಿದು ಹಲಗೆ ಸಂದೀಲಿ ರಸ ತೊಟ್ಟಿಕ್ತಿತ್ತು, ಅದನ್ನ ನೋಡಿ ಅಪ್ಪ ಮಾತೇ ಆಡ್ಲಿಲ್ಲ. ಕೆಜಿಗೆ ಮೂರು ರೂಪಾಯಿ ಕೇಳಿದ್ರು, ಕಿತ್ತ ಕೂಲಿಗೇ ಸಾಲ್ಲಿಲ್ಲ. ಆಮೇಲೆ ಕ್ವಿಂಟಾಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ 2.5 ಲಕ್ಷ ಟನ್‌ವರೆಗೂ ಮಾರಿದ ರೇಟಿಗೂ ಅದಕ್ಕೂ ಇರೋ ವ್ಯತ್ಯಾಸದ ದುಡ್ಡು ಕೊಡೋಕೆ ಕೇಂದ್ರ ಒಪ್ತು, ಒಳ್ಳೇದೇ ಆಯ್ತು, ಆದ್ರೆ ಅಷ್ಟೊತ್ತಿಗೆ ನಮ್ದು ಅರ್ಧ ತೋಟ ಖಾಲಿ ಆಗಿತ್ತು.

ಹಾಕ್ಬೇಡಿ ಅಂತ ಹೇಳ್ತಿಲ್ಲ. ಒಂದೇ ತಳಿ ಮಾತ್ರ ಬೇಡ, ಜನ ತಿನ್ನೋಕೆ ಕೊಳ್ಳೋ ಬಾದಾಮಿ, ಮಲ್ಲಿಕಾನೂ ಇರ್ಲಿ. ಮೊದಲ ನಾಲ್ಕೈದು ವರ್ಷ ಏನೂ ಬರಲ್ಲ, ಸಾಲಿನ ಮಧ್ಯೆ ರಾಗಿ ಅವರೆ ಬಿಡ್ಬೇಡಿ, ಮರ ದೊಡ್ಡದಾದ್ಮೇಲೂ ಬಾದಾಮಿಯಂಥದ್ದು ಒಂದು ವರ್ಷ ಬಿಟ್ರೆ ಇನ್ನೊಂದು ವರ್ಷ ಕೈ ಕೊಡುತ್ತೆ. ಔಷಧಿ ಖರ್ಚಿಗೆ ಮಂಡಿ ಬಾಗಿಲಿಗೆ ಹೋಗೋ ಮುಂಚೆ ಸೊಸೈಟೀಲಿ ಬೆಳೆ ಸಾಲ ಕೇಳಿ, ಹವಾಮಾನ ಆಧಾರಿತ ವಿಮೇನೂ ಕಟ್ಟಿ.

ನಿಮ್ಮೂರು ಯಾವ ಕಡೆ, ಬೋರ್‌ವೆಲ್ ಇದ್ಯಾ? ಹೇಳಿದ್ರೆ ಎಕರೆಗೆ ಎಷ್ಟು ಗಿಡ, ಯಾವುದು ಎಷ್ಟು ಅಂತ ನಮ್ಮ ತೋಟದ ಲೆಕ್ಕ ಹಾಕ್ತೀನಿ.