ನೀಲಿ ಪರದೆ ಬಂದ ಮಾತ್ರಕ್ಕೆ ಡಿಸ್ಕ್ ಹಾಳಾಗಿರಬೇಕಿಲ್ಲ

ಪ್ರಶ್ನೆ: ನಮ್ಮ ಗೊಬ್ಬರದ ಅಂಗಡಿಯಲ್ಲಿ 2012ರ ಸುಮಾರಿನ ಡೆಸ್ಕ್‌ಟಾಪ್ ಇದೆ. ಹಬ್ಬದ ರಜೆ ಮುಗಿಸಿ ಚಾಲು ಮಾಡಿದಾಗ ‘ಸಿಮಾಸ್ ಚೆಕ್‌ಸಮ್ ಎರರ್’ ಎಂದು ತೋರಿಸಿತು. ಎಫ್1 ಒತ್ತಿದರೆ ವಿಂಡೋಸ್ 10ರ ಲಾಂಛನ ಮೂಡಿ, ಬಳಿಕ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು ಎಂದು ರಿಪೇರಿಯವರು ಹೇಳುತ್ತಾರೆ. ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇದೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಸದ್ಯಕ್ಕೆ ಫಾರ್ಮ್ಯಾಟ್ ಮಾಡಿಸಬೇಡಿ. ನೀವು ತಿಳಿಸಿದ ಎರಡು ಸೂಚನೆಗಳು ಒಂದರ ಬೆನ್ನಿಗೆ ಒಂದು ಬಂದಿರುವುದರಿಂದ, ದೋಷವು ಡಿಸ್ಕ್‌ನಲ್ಲಿ ಅಲ್ಲ, ಡಿಸ್ಕ್ ಕಂಟ್ರೋಲರ್‌ನ (ಡಿಸ್ಕ್ ಅನ್ನು ಕಂಪ್ಯೂಟರ್‌ಗೆ ಬೆಸೆಯುವ ಭಾಗ) ಸೆಟ್ಟಿಂಗ್‌ನಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಬಯೋಸ್‌ನ (ಚಾಲು ಮಾಡಿದೊಡನೆ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗ್‌ಗಳನ್ನು ಉಳಿಸಿಡುವುದು ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ. ಅದು ಸೊರಗಿದಾಗ ಉಳಿಸಿಟ್ಟ ಮೌಲ್ಯಗಳ ಮೊತ್ತ ತಾಳೆಯಾಗದೆ, ಬಯೋಸ್ ಅವೆಲ್ಲವನ್ನೂ ಅಸಿಂಧುವೆಂದು ಬಿಟ್ಟು ಕಾರ್ಖಾನೆಯ ಮೂಲ ಸೆಟ್ಟಿಂಗ್‌ಗಳನ್ನು ತುಂಬಿಕೊಳ್ಳುತ್ತದೆ. ‘ಸಿಮಾಸ್ ಚೆಕ್‌ಸಮ್ ಎರರ್’ ಎಂಬ ಸೂಚನೆ ಹೇಳುವುದು ಇದನ್ನೇ. ಅನೇಕ ಹಳೆಯ ಬೋರ್ಡ್‌ಗಳಲ್ಲಿ ಸಾಟಾ ಮೋಡ್‌ನ (ಡಿಸ್ಕ್ ಜೊತೆ ಕಂಟ್ರೋಲರ್ ವ್ಯವಹರಿಸುವ ಕ್ರಮ) ಮೂಲ ಆಯ್ಕೆ ಐಡಿಇ ಎಂಬ ಹಳೆಯ ಕ್ರಮ. ನಿಮ್ಮ ವಿಂಡೋಸ್ ಅನ್ನು ಬಹುಶಃ ಎಎಚ್‌ಸಿಐ ಎಂಬ ಹೊಸ ಮೋಡ್‌ನಲ್ಲಿ ಹಾಕಲಾಗಿತ್ತು.

ಲಾಂಛನ ಕಾಣಿಸಿದ್ದನ್ನು ನೀವು ಬರೆದದ್ದು ಬಹಳ ಉಪಯೋಗವಾಯಿತು. ಆರಂಭದಲ್ಲಿ ವಿಂಡೋಸ್‌ನ ಕಡತಗಳನ್ನು ಡಿಸ್ಕ್‌ನಿಂದ ಓದುವುದು ಬಯೋಸ್‌ನ ನೆರವಿನಿಂದ. ಆದ್ದರಿಂದ ಅಲ್ಲಿಯವರೆಗೆ ಬಂದಿದೆ ಎಂದರೆ ಡಿಸ್ಕ್ ಓದಲು ಸಿಗುತ್ತಿದೆ. ಆ ಬಳಿಕ ವಿಂಡೋಸ್ ತನ್ನದೇ ಡ್ರೈವರ್ (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶ) ಮೂಲಕ ಡಿಸ್ಕ್ ಹಿಡಿಯಬೇಕು. ಆದರೆ ಅದು ಆರಂಭದಲ್ಲಿ ತೆರೆಯುವುದು ತನಗೆ ಪರಿಚಿತವಾದ ಮೋಡ್‌ನ ಡ್ರೈವರ್ ಮಾತ್ರ; ಕಂಟ್ರೋಲರ್ ಬೇರೆ ಮೋಡ್‌ನಲ್ಲಿದ್ದರೆ ಸ್ವಂತ ಡಿಸ್ಕ್ ಕಾಣದೆ ನಿಂತುಬಿಡುತ್ತದೆ.

ಮೊದಲು ವಿದ್ಯುತ್ ತಂತಿ ಕಿತ್ತು, ಸಿಆರ್2032 ಬ್ಯಾಟರಿಯನ್ನು ‘+’ ಗುರುತು ಮೇಲೆ ಬರುವಂತೆ ಬದಲಿಸಿ. ಬ್ಯಾಟರಿ ಬದಲಿಸದೆ ಸೆಟ್ಟಿಂಗ್ ಮಾತ್ರ ಸರಿಪಡಿಸಿದರೆ ಮುಂದಿನ ರಜೆಗೆ ಇದೇ ತೊಂದರೆ ಮರುಕಳಿಸುತ್ತದೆ. ನಂತರ ಚಾಲು ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯೋಸ್ ಸೆಟಪ್ ತೆರೆದು, ದಿನಾಂಕ ಸರಿಪಡಿಸಿ, ಸಾಟಾ ಮೋಡ್ ಅನ್ನು ಎಎಚ್‌ಸಿಐಗೆ ಬದಲಿಸಿ ಸೇವ್ ಮಾಡಿ. ಈಗಾಗಲೇ ಅದು ಎಎಚ್‌ಸಿಐ ಎಂದೇ ಇದ್ದರೆ ಐಡಿಇಗೆ ಬದಲಿಸಿ ನೋಡಿ. ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಈ ಅದಲುಬದಲಿನಿಂದ ಕಡತಗಳು ಅಳಿಸಿಹೋಗುವುದಿಲ್ಲ.

ಎರಡು ಡಿಸ್ಕ್‌ಗಳನ್ನು ರೇಡ್‌ನಲ್ಲಿ (ಒಂದೇ ಡಿಸ್ಕ್‌ನಂತೆ ಕೆಲಸ ಮಾಡುವಂತೆ) ಜೋಡಿಸಿದ್ದರೆ ಮಾತ್ರ ಹೀಗೆ ಪ್ರಯೋಗ ಮಾಡಬೇಡಿ. ನೇರವಾಗಿ ರೇಡ್ ಮೋಡ್ ಆರಿಸಿ. ಹೊಸ ವಾಲ್ಯೂಮ್ ಮಾಡುವ ಅಥವಾ ಡಿಸ್ಕ್ ಅನ್ನು ಇನಿಷಿಯಲೈಸ್ ಮಾಡುವ ಪ್ರಶ್ನೆ ಬಂದರೆ ಒಪ್ಪಿಗೆ ಕೊಡಬೇಡಿ, ಏಕೆಂದರೆ ದತ್ತಾಂಶ ನಿಜವಾಗಿ ಕಳೆದುಹೋಗುವುದು ಅಲ್ಲಿ. ಡಿಸ್ಕ್‌ಗೆ ಬಿಟ್‌ಲಾಕರ್ (ಕಡತಗಳನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ) ಬೀಗವಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕೈಯಲ್ಲಿಟ್ಟುಕೊಂಡೇ ಕೆಲಸ ಆರಂಭಿಸಿ.

ವಿಂಡೋಸ್ ತೆರೆದ ಕೂಡಲೇ ಟ್ಯಾಲಿಯ ಡೇಟಾ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಬಯೋಸ್‌ನ ಪ್ರತಿ ಪುಟದ ಫೋಟೊವನ್ನೂ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಒಂದೇ ಡಿಸ್ಕ್ ಇದ್ದು, ಎಎಚ್‌ಸಿಐ, ಐಡಿಇ ಎರಡರಲ್ಲೂ ತೆರೆಯದಿದ್ದರೆ ಆ ಡಿಸ್ಕ್ ಅನ್ನು ಬೇರೊಂದು ಕಂಪ್ಯೂಟರ್‌ಗೆ ಎರಡನೆಯ ಡಿಸ್ಕ್ ಆಗಿ ಜೋಡಿಸಿ ಲೆಕ್ಕವನ್ನು ಹೊರತೆಗೆಸಿ. ಫಾರ್ಮ್ಯಾಟ್ ಮಾತು ಅದರ ನಂತರ.